ಜಲಜನಕವೂ ನೊಂದ ಶ್ವಾಸಕೋಶವೂ

ಪ್ರಾಣವಾಯುವೆಂಬ ಹೆಸರನ್ನು ನಮ್ಮ ಹಿರಿಯರು ಕೇಳಿದ್ದರು. ಆ ವಾಯುವನ್ನು ಲೋಹದ ಉರುಳೆಯಲ್ಲಿ ತುಂಬಿಸಿ ತಂದು ನಡುಮನೆಯಲ್ಲಿ ನಿಲ್ಲಿಸಿದುದನ್ನು ಕಂಡವರು ನಾವು. ೨೦೨೦ ಮತ್ತು ೨೦೨೧ನೆಯ ಇಸವಿಗಳಲ್ಲಿ ಕೋವಿಡ್ ಜಾಡ್ಯವು ಊರೂರಿಗೂ ಹಬ್ಬಿದಾಗ ಆಮ್ಲಜನಕವೆಂಬ ಶಾಸ್ತ್ರದ ಮಾತು ಅಡುಗೆಮನೆಯ ಮಾತಾಯಿತು. ರೋಗಿಯ ಬೆರಳಿಗೆ ಸಿಕ್ಕಿಸಿದ ಪುಟ್ಟ ಯಂತ್ರದ ಅಂಕಿಯನ್ನು ನೋಡುತ್ತ ಬೆಳಗು ಮಾಡಿದ ಮನೆಗಳೆಷ್ಟೊ! ಆಗ ಆಮ್ಲಜನಕವು ಎಷ್ಟೋ ಮಂದಿಯ ಜೀವವನ್ನುಳಿಸಿತೆಂಬುದರಲ್ಲಿ ಸಂದೇಹವಿಲ್ಲ.

ಹಾಗಿದ್ದಮೇಲೆ ಅದನ್ನು ಹೆಚ್ಚು ಹೆಚ್ಚಾಗಿ ಕೊಟ್ಟಷ್ಟೂ ಒಳ್ಳೆಯದಲ್ಲವೆ ಎಂದು ಯಾರಾದರೂ ಕೇಳಬಹುದು. ಅತಿಯಾದರೆ ಅಮೃತವೂ ವಿಷವೆಂಬ ಗಾದೆಯು ಇಲ್ಲಿ ಅಕ್ಷರಶಃ ನಿಜವಾಗಿದೆ. ಯಾವ ವಾಯುವಿಲ್ಲದೆ ಶ್ವಾಸಕೋಶವು ಬದುಕಲಾರದೋ ಅದೇ ವಾಯುವು ಮಿತಿಮೀರಿದರೆ ಶ್ವಾಸಕೋಶವನ್ನು ಸುಡುತ್ತದೆ. ಈ ಉರಿಯನ್ನು ತಣಿಸಲು ಇನ್ನೊಂದು ವಾಯುವಿಗೆ, ಎಂದರೆ ಜಲಜನಕಕ್ಕೆ, ಸಾಮರ್ಥ್ಯವುಂಟೋ ಇಲ್ಲವೋ ಎಂದು ಈಗ ಕೆಲವು ದೇಶಗಳ ವಿದ್ವಾಂಸರು ಪರೀಕ್ಷಿಸುತ್ತಿದ್ದಾರೆ. ಪರೀಕ್ಷೆಯು ಮುಗಿಯುವ ಮೊದಲೇ ಜಲಜನಕದ ನೀರು, ಜಲಜನಕವನ್ನು ಹುಟ್ಟಿಸುವ ಬಾಟಲಿ, ಜಲಜನಕವನ್ನು ಉಸಿರಾಡಿಸುವ ಯಂತ್ರ ಮೊದಲಾದುವು ಮಾರಾಟಕ್ಕೆ ಬಂದಿವೆ. ಆದುದರಿಂದ ಈ ವಿಷಯದಲ್ಲಿ ತಿಳಿದಿರುವುದೆಷ್ಟು, ಇನ್ನೂ ತಿಳಿಯಬೇಕಾದುದೆಷ್ಟು ಎಂಬುದನ್ನು ವಾಚಕರ ಮುಂದಿಡುವುದು ಯುಕ್ತವೆಂದು ತೋರಿತು.

ಎರಡು ವಾಯುಗಳ ಕಥೆ

೧೭೬೬ರಲ್ಲಿ ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಷ್ ಎಂಬ ಪಂಡಿತನು ಲೋಹಗಳ ಮೇಲೆ ಆಮ್ಲವನ್ನು ಸುರಿದಾಗ ಏಳುವ ವಾಯುವನ್ನು ಹಿಡಿದು ಅದರ ಗುಣಗಳನ್ನು ಬರೆದಿಟ್ಟನು. ಅದು ಬಹು ಹಗುರವಾದುದು. ಕಿಡಿ ತಗುಲಿದೊಡನೆ ಉರಿಯತಕ್ಕುದು. ೧೭೭೪ರಲ್ಲಿ ಅದೇ ದೇಶದ ಜೋಸೆಫ್ ಪ್ರೀಸ್ಟ್ಲಿಯು ಪಾದರಸದ ಕೆಂಪು ಭಸ್ಮವನ್ನು ಮಸೂರದ ಬಿಸಿಲಿನಿಂದ ಕಾಯಿಸಿ ಮತ್ತೊಂದು ವಾಯುವನ್ನು ಪಡೆದನು. ಅದರಲ್ಲಿ ಮೇಣದ ಬತ್ತಿಯು ಥಳಥಳಿಸಿ ಉರಿಯಿತು. ಚಿಟ್ಟಿಲಿಯು ಮುಚ್ಚಿದ ಪಾತ್ರೆಯಲ್ಲಿಯೂ ಹೆಚ್ಚು ಹೊತ್ತು ಬದುಕಿತು. ಫ್ರಾನ್ಸಿನ ಲವಾಸಿಯೆಯು ಇವೆರಡಕ್ಕೂ ಇಂದಿನ ಹೆಸರುಗಳನ್ನು ಕೊಟ್ಟನು. ನೀರನ್ನು ಹುಟ್ಟಿಸುವುದು ಒಂದು, ಆಮ್ಲವನ್ನು ಹುಟ್ಟಿಸುವುದು ಇನ್ನೊಂದು. ಆ ಹೆಸರುಗಳ ಅರ್ಥವನ್ನೇ ಹಿಡಿದು ಕನ್ನಡದಲ್ಲಿ ಜಲಜನಕ, ಆಮ್ಲಜನಕ ಎಂದು ಕರೆಯುವುದು ರೂಢಿಯಾಯಿತು. ಆಮ್ಲಗಳಿಗೆಲ್ಲ ಆಮ್ಲಜನಕವೇ ಮೂಲವೆಂದು ಲವಾಸಿಯೆ ನಂಬಿದ್ದುದು ತಪ್ಪಾಗಿತ್ತು. ಜಲಜನಕದ ಹೆಸರು ಮಾತ್ರ ಸಾರ್ಥಕವಾಗಿದೆ. ಇವೆರಡೂ ಕೂಡಿ ಉರಿದರೆ ನೀರಾಗುತ್ತದೆ.

ಬತ್ತಿಯು ಶುದ್ಧವಾದ ಆಮ್ಲಜನಕದಲ್ಲಿ ಬೇಗ ಉರಿದು ಬೇಗ ಮುಗಿಯುವುದನ್ನು ಕಂಡ ಪ್ರೀಸ್ಟ್ಲಿಗೆ ಒಂದು ಶಂಕೆ ಹುಟ್ಟಿತು. ಇಂಥ ವಾಯುವು ರೋಗಿಗಳಿಗೆ ಮದ್ದಾದರೂ ಆಗಬಹುದು; ಆದರೆ ಸ್ವಸ್ಥರು ಅದನ್ನೇ ಸೇವಿಸುತ್ತಿದ್ದರೆ ಬಾಳೂ ಆ ಬತ್ತಿಯಂತೆಯೇ ಬೇಗ ಉರಿದುಹೋಗಲಾರದೆ ಎಂದು ಆತನು ಬರೆದನು. ಈ ಶಂಕೆಗೆ ಆಧಾರವು ದೊರೆತದ್ದು ನೂರಿಪ್ಪತ್ತಕ್ಕೂ ಹೆಚ್ಚು ವರ್ಷಗಳ ಮೇಲೆ. ೧೮೯೯ರಲ್ಲಿ ಲೊರೇನ್ ಸ್ಮಿತ್ ಎಂಬ ವೈದ್ಯನು ಆಮ್ಲಜನಕವು ಅಧಿಕವಾಗಿರುವ ಗಾಳಿಯಲ್ಲಿ ಚಿಟ್ಟಿಲಿಗಳನ್ನಿಟ್ಟು ನೋಡಿದಾಗ, ದಿನಗಳು ಕಳೆದಂತೆ ಅವುಗಳ ಶ್ವಾಸಕೋಶಗಳು ಉರಿಯೂತದಿಂದ ಗಟ್ಟಿಯಾಗಿದ್ದುದು ಕಂಡುಬಂದಿತು.

ಶ್ವಾಸಕೋಶವು ಹೇಗೆ ನೋಯುತ್ತದೆ

ನಮ್ಮ ಶ್ವಾಸಕೋಶದ ಒಳಗೆ ದ್ರಾಕ್ಷಿಯ ಗೊಂಚಲುಗಳಂತೆ ಜೋಡಿಸಿದ ಕೋಟಿಗಟ್ಟಲೆ ಗಾಳಿಯ ಗೂಡುಗಳಿವೆ. ಅವುಗಳ ಸಂಖ್ಯೆಯನ್ನು ೩೦ ಕೋಟಿಯಿಂದ ೫೦ ಕೋಟಿಯವರೆಗೆ ಎಣಿಸಿದ್ದಾರೆ. ಒಂದೊಂದು ಗೂಡಿನ ಗೋಡೆಯೂ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನಷ್ಟು ತೆಳು. ಅತ್ತ ಗಾಳಿ, ಇತ್ತ ರಕ್ತ. ನಡುವೆ ಇಷ್ಟೇ ತೆರೆ. ಈ ಗೋಡೆಗಳನ್ನೆಲ್ಲ ಬಿಡಿಸಿ ಹಾಸಿದರೆ ಒಂದು ಸಾಧಾರಣ ಮನೆಯ ನೆಲವನ್ನೇ ಮುಚ್ಚಬಹುದು.

ಕಠಿಣವಾದ ನ್ಯುಮೋನಿಯ, ರಕ್ತಕ್ಕೇರಿದ ನಂಜು, ಬೆಂಕಿಯ ಹೊಗೆ, ಹೊಟ್ಟೆಯಿಂದ ಮೇಲೆದ್ದು ಗಾಳಿಯ ದಾರಿಗೆ ಇಳಿದ ಆಹಾರ, ನೀರಿನಲ್ಲಿ ಮುಳುಗುವುದು, ಇಂಥ ಯಾವುದಾದರೊಂದು ಕಾರಣದಿಂದ ಈ ತೆರೆಯು ಹರಿದರೆ ರಕ್ತದ ನೀರು ಗೂಡುಗಳೊಳಕ್ಕೆ ಸೋರುತ್ತದೆ. ಮೃದುವಾದ ಸ್ಪಂಜಿನಂತಿದ್ದ ಅಂಗವು ನೆನೆದ ಹಿಟ್ಟಿನ ಮುದ್ದೆಯಂತಾಗುತ್ತದೆ. ಎಷ್ಟು ಎಳೆದರೂ ಉಸಿರು ಸಾಲದು. ಅಮೆರಿಕದ ಡೆನ್ವರ್ ನಗರದ ವೈದ್ಯರು ಇಂಥ ೧೨ ಮಂದಿ ರೋಗಿಗಳನ್ನು ನೋಡಿ, ಕಾರಣಗಳು ಬೇರೆ ಬೇರೆಯಾದರೂ ಶ್ವಾಸಕೋಶದ ಅವಸ್ಥೆಯು ಒಂದೇ ಎಂದು ೧೯೬೭ರಲ್ಲಿ ಪ್ರಕಟಿಸಿದರು. ಕೋವಿಡ್ ಜಾಡ್ಯವು ಅನೇಕರ ಪ್ರಾಣವನ್ನು ಕೊಂಡೊಯ್ದುದು ಈ ದಾರಿಯಿಂದಲೇ.

ಇಂಥ ರೋಗಿಯನ್ನು ಬದುಕಿಸಲು ಇರುವ ಮುಖ್ಯ ಆಸರೆಗಳು ಎರಡು: ಅಧಿಕ ಆಮ್ಲಜನಕ ಮತ್ತು ಉಸಿರಾಟದ ಯಂತ್ರ. ವಿಷಾದದ ಸಂಗತಿಯೇನೆಂದರೆ, ಇವೆರಡೂ ಮಿತಿ ತಪ್ಪಿದರೆ ನೊಂದ ಅಂಗವನ್ನು ಮತ್ತಷ್ಟು ನೋಯಿಸಬಲ್ಲವು. ೨೦೦೦ದಲ್ಲಿ ಅಮೆರಿಕದಲ್ಲಿ ೮೬೧ ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲವು ಪ್ರಕಟವಾಯಿತು. ಯಂತ್ರದಿಂದ ಪ್ರತಿ ಉಸಿರಿಗೂ ತುಂಬುವ ಗಾಳಿಯನ್ನು ದೇಹದ ತೂಕದ ಕಿಲೋಗ್ರಾಮಿಗೆ ೧೨ ಮಿಲಿಲೀಟರಿನಿಂದ ೬ಕ್ಕೆ ಇಳಿಸಿದ ಮಾತ್ರದಿಂದ, ನೂರಕ್ಕೆ ಸುಮಾರು ೪೦ ಆಗಿದ್ದ ಮರಣವು ೩೧ಕ್ಕೆ ಇಳಿಯಿತು. ಫ್ರಾನ್ಸಿನ ವೈದ್ಯರ ಮುಂದಾಳುತನದಲ್ಲಿ ೪೬೬ ಮಂದಿಯ ಮೇಲೆ ನಡೆದು ೨೦೧೩ರಲ್ಲಿ ಪ್ರಕಟವಾದ ಮತ್ತೊಂದು ಪರೀಕ್ಷೆಯಲ್ಲಿ, ರೋಗಿಯನ್ನು ದಿನದ ಬಹುಪಾಲು ಬೋರಲಾಗಿ ಮಲಗಿಸಿದುದರಿಂದ ೨೮ ದಿನಗಳೊಳಗಿನ ಮರಣವು ನೂರಕ್ಕೆ ಸುಮಾರು ೩೩ರಿಂದ ೧೬ಕ್ಕೆ ಇಳಿಯಿತು. ಇವು ಬಹು ದೊಡ್ಡ ಗೆಲವುಗಳು. ಆದರೆ ಇವು ಹೊಸ ಗಾಯವನ್ನು ತಪ್ಪಿಸುವ ಉಪಾಯಗಳೇ ಹೊರತು ಆಗಿರುವ ಗಾಯವನ್ನು ಮಾಯಿಸುವ ಮದ್ದಲ್ಲ. ಸ್ಟೀರಾಯ್ಡ್ ಔಷಧಗಳು ಕೆಲವರಿಗೆ ನೆರವಾಗುತ್ತವೆ. ಹರಿದ ತೆರೆಯನ್ನು ನೇರವಾಗಿ ಕಾಪಾಡುವ ಮದ್ದಿಗಾಗಿ ಹುಡುಕಾಟವು ನಡೆದೇ ಇದೆ. ಈ ಹುಡುಕಾಟದಲ್ಲಿ ಜಲಜನಕದ ಹೆಸರು ಬಂದಿದೆ.

ಒಲೆಯ ಉರಿ, ಸಿಡಿಯುವ ಕಿಡಿ

ನಮ್ಮ ದೇಹದ ಪ್ರತಿಯೊಂದು ಜೀವಕೋಶವೂ ಒಂದು ಒಲೆ. ಅಲ್ಲಿ ಅನ್ನದ ಸಾರವು ಆಮ್ಲಜನಕದೊಡನೆ ಕೂಡಿ ಹದವಾಗಿ ಉರಿಯುತ್ತದೆ. ಒಲೆಯೆಂದಮೇಲೆ ಕಿಡಿ ಸಿಡಿಯದಿರುವುದುಂಟೆ? ಆಮ್ಲಜನಕದಿಂದ ಹುಟ್ಟುವ ಕೆಲವು ಉಗ್ರ ವಸ್ತುಗಳು ಇಂಥ ಕಿಡಿಗಳು. ಅವುಗಳಲ್ಲಿ ಮಂದವಾದುವು ಕೆಲವು ಉಪಯುಕ್ತವೂ ಹೌದು. ರೋಗಾಣುಗಳನ್ನು ಕೊಲ್ಲಲು ರಕ್ತದ ಬಿಳಿಯ ಕಣಗಳು ಇವನ್ನೇ ಆಯುಧವಾಗಿ ಹಿಡಿಯುತ್ತವೆ. ಆದರೆ ಹೈಡ್ರಾಕ್ಸಿಲ್ ಎಂಬ ಕಿಡಿಯೊಂದಿದೆ. ಅದು ಹತ್ತಿರ ಸಿಕ್ಕಿದುದನ್ನೆಲ್ಲ ಸುಡುವಂಥದು; ಅದನ್ನು ನೇರವಾಗಿ ನಂದಿಸುವ ಸಾಧನವು ದೇಹದಲ್ಲಿಲ್ಲ. ಉರಿಯೂತವೆದ್ದ ಶ್ವಾಸಕೋಶಕ್ಕೆ ಅಧಿಕ ಆಮ್ಲಜನಕವನ್ನು ಊದಿದಾಗ ಈ ಕಿಡಿಗಳು ಹೆಚ್ಚುತ್ತವೆ.

ಎಲ್ಲ ಕಿಡಿಗಳನ್ನೂ ಒಟ್ಟಿಗೆ ಆರಿಸಿದರೆ ಒಲೆಯೇ ಆರಿಹೋದೀತು. ಬೇಕಾದುದು ಕೆಟ್ಟ ಕಿಡಿಯನ್ನು ಮಾತ್ರ ಹಿಡಿಯುವ ಉಪಾಯ. ೨೦೦೭ರಲ್ಲಿ ಜಪಾನಿನ ನಿಪ್ಪಾನ್ ವೈದ್ಯಕೀಯ ವಿದ್ಯಾಲಯದ ಶಿಗೆಯೊ ಓಹ್ತಾ ಮತ್ತು ಅವರ ಸಂಗಡಿಗರು, ಜಲಜನಕವು ಇಂಥ ಕೆಲಸವನ್ನು ಮಾಡುತ್ತದೆಂದು ಪ್ರಕಟಿಸಿದರು. ಇಲ್ಲಿ ಜಲಜನಕವೆಂದರೆ ಎರಡು ಪರಮಾಣುಗಳು ಜೋಡಿಯಾಗಿರುವ ಅಣುರೂಪದ ವಾಯು. ಅಣುಗಳಲ್ಲೆಲ್ಲ ಅತ್ಯಂತ ಹಗುರವಾದುದು. ಮಿದುಳಿನ ರಕ್ತನಾಳವನ್ನು ಕೆಲ ಹೊತ್ತು ತಡೆದು ಮತ್ತೆ ಬಿಟ್ಟ ಇಲಿಗಳಿಗೆ ಈ ವಾಯುವನ್ನು ಸ್ವಲ್ಪವಾಗಿ ಉಸಿರಾಡಿಸಿದಾಗ ಅವುಗಳ ಮಿದುಳಿಗಾದ ಹಾನಿಯು ಕಡಮೆಯಾಯಿತು. ಅದುವರೆಗೆ ದೇಹಕ್ಕೆ ಏನನ್ನೂ ಮಾಡದ ನಿರ್ಲಿಪ್ತ ವಾಯುವೆಂದೇ ಹಲವರು ಎಣಿಸಿದ್ದ ಜಲಜನಕವು, ಅಂದಿನಿಂದ ವೈದ್ಯರ ಗಮನವನ್ನು ಸೆಳೆಯಿತು.

ಶ್ವಾಸಕೋಶದ ಮೇಲಿನ ಪರೀಕ್ಷೆಗಳು ಇದರ ಬೆನ್ನಿಗೇ ಬಂದುವು. ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಚಿಟ್ಟಿಲಿಗಳ ಶ್ವಾಸಕೋಶಕ್ಕೆ ಯಂತ್ರದಿಂದ ಬಲವಾಗಿ ಗಾಳಿಯನ್ನು ತುಂಬಿ ನೋಯಿಸಿದರು. ಆ ಗಾಳಿಯಲ್ಲಿ ನೂರಕ್ಕೆ ಎರಡು ಪಾಲು ಜಲಜನಕವನ್ನು ಬೆರಸಿದ್ದಾಗ ನೋವು ಕಡಮೆಯಾಗಿದ್ದುದಾಗಿ ೨೦೧೦ರಲ್ಲಿ ವರದಿಯಾಯಿತು. ಅದೇ ಬಳಗದವರು ೨೦೧೩ರಲ್ಲಿ ಪ್ರಕಟಿಸಿದ ಮತ್ತೊಂದು ಪರೀಕ್ಷೆಯು ಇನ್ನೂ ಸ್ವಾರಸ್ಯವಾದುದು. ಕೆಲವು ಇಲಿಗಳಿಗೆ ೯೮ ಪಾಲು ಆಮ್ಲಜನಕ, ೨ ಪಾಲು ಸಾರಜನಕ. ಉಳಿದವಕ್ಕೆ ಅಷ್ಟೇ ಆಮ್ಲಜನಕದೊಡನೆ ಸಾರಜನಕದ ಬದಲು ೨ ಪಾಲು ಜಲಜನಕ. ಎರಡನೆಯ ಗುಂಪಿನ ಇಲಿಗಳ ರಕ್ತದಲ್ಲಿ ಆಮ್ಲಜನಕವು ಚೆನ್ನಾಗಿ ನಿಂತಿತು, ಉರಿಯೂತವೂ ಕಡಮೆಯಾಗಿತ್ತು.

ಇದೇ ಪರೀಕ್ಷೆಯಲ್ಲಿ ಮತ್ತೊಂದು ಸಂಗತಿಯು ಹೊರಬಿದ್ದಿತು. ಜೀವಕೋಶಗಳಲ್ಲಿ ಆಪತ್ತಿನ ಕಾಲಕ್ಕೆ ರಕ್ಷಣೆಯ ವಸ್ತುಗಳನ್ನು ತಯಾರಿಸಲು ಆಜ್ಞೆ ಕೊಡುವ ಒಂದು ಪ್ರೋಟೀನು ಇದೆ. ಅದು ಹುಟ್ಟಿನಿಂದಲೇ ಇಲ್ಲದಂತೆ ಮಾಡಿದ ಚಿಟ್ಟಿಲಿಗಳಿಗೆ ಜಲಜನಕವನ್ನು ಕೊಟ್ಟರೂ ಪ್ರಯೋಜನವಾಗಲಿಲ್ಲ. ಎಂದಮೇಲೆ ಜಲಜನಕವು ಕೆಟ್ಟ ಕಿಡಿಗಳನ್ನು ತಾನೇ ನಂದಿಸುವುದಕ್ಕಿಂತ ಹೆಚ್ಚಾಗಿ ಮನೆಯವರನ್ನು ಎಬ್ಬಿಸಿ ನೀರು ತರಿಸುವ ಕಾವಲುಗಾರನಂತೆ ಕೆಲಸ ಮಾಡುತ್ತಿರಬಹುದು. ಆ ಕಾವಲುಗಾರನು ತಟ್ಟುವ ಬಾಗಿಲು ಯಾವುದೆಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಇನ್ನೂ ಒಮ್ಮತವಿಲ್ಲ.

ಉಸಿರಾಡಬಹುದೆ? ಉರಿಯುವುದಿಲ್ಲವೆ?

ಜಲಜನಕವೆಂದೊಡನೆ ೧೯೩೭ರ ಮೇ ೬ರಂದು ಅಮೆರಿಕದ ಲೇಕ್‌ಹರ್ಸ್ಟಿನಲ್ಲಿ ಉರಿದುಬಿದ್ದ ಹಿಂಡೆನ್‌ಬರ್ಗ್ ಎಂಬ ಜರ್ಮನ್ ವಾಯುನೌಕೆಯು ಕೆಲವರಿಗೆ ನೆನಪಾದೀತು. ಅದರ ಹೊಟ್ಟೆಯಲ್ಲಿ ತುಂಬಿದ್ದುದು ಜಲಜನಕ. ಅಂದು ಸತ್ತವರು ೩೬ ಮಂದಿ. ಗಾಳಿಯಲ್ಲಿ ಜಲಜನಕವು ನೂರಕ್ಕೆ ೪ ಪಾಲಿನಿಂದ ೭೫ ಪಾಲಿನವರೆಗೆ ಇದ್ದರೆ ಒಂದು ಕಿಡಿಗೇ ಹೊತ್ತಿಕೊಳ್ಳುತ್ತದೆ. ೪ ಪಾಲಿಗಿಂತ ಕಡಮೆಯಿದ್ದರೆ ಹೊತ್ತುವುದಿಲ್ಲ. ಮೇಲೆ ಹೇಳಿದ ಪರೀಕ್ಷೆಗಳಲ್ಲಿ ಎರಡು ಪಾಲನ್ನೇ ಆರಿಸಿಕೊಂಡುದರ ಮುಖ್ಯ ಕಾರಣವಿದು.

ಉಸಿರಾಟಕ್ಕೆ ಈ ವಾಯುವು ವಿಷವಲ್ಲವೆಂಬುದನ್ನು ಕಡಲಿನಲ್ಲಿ ಮುಳುಗುವವರು ಬಹು ಹಿಂದೆಯೇ ತೋರಿಸಿಕೊಟ್ಟಿದ್ದಾರೆ. ಸ್ವೀಡನ್ ದೇಶದ ಆರ್ನೆ ಸೆಟ್ಟರ್‌ಸ್ಟ್ರೋಮ್ ಎಂಬ ತರುಣ ಎಂಜಿನಿಯರು ೧೯೪೫ರಲ್ಲಿ ಜಲಜನಕ ಮತ್ತು ಆಮ್ಲಜನಕದ ಮಿಶ್ರಣವನ್ನು ಉಸಿರಾಡುತ್ತ ೧೬೦ ಮೀಟರು ಆಳಕ್ಕಿಳಿದನು. ಆತನು ಜೀವಂತನಾಗಿ ಹಿಂದಿರುಗಲಿಲ್ಲ. ಆದರೆ ಅದಕ್ಕೆ ಕಾರಣವು ವಾಯುವಲ್ಲ, ಮೇಲಕ್ಕೆ ಎಳೆಯುವವರು ಮಾಡಿದ ತಪ್ಪು. ೧೯೯೨ರಲ್ಲಿ ಫ್ರಾನ್ಸಿನ ಕೋಮೆಕ್ಸ್ ಸಂಸ್ಥೆಯ ಒತ್ತಡದ ಕೋಣೆಯಲ್ಲಿ ಥಿಯೊ ಮಾವ್ರೊಸ್ಟೊಮೋಸ್ ಎಂಬಾತನು ಜಲಜನಕ ಕೂಡಿದ ಗಾಳಿಯನ್ನು ಉಸಿರಾಡಿ ೭೦೧ ಮೀಟರು ಆಳದ ಒತ್ತಡವನ್ನು ಸಹಿಸಿ ಕ್ಷೇಮವಾಗಿ ಹೊರಬಂದನು.

ಅಷ್ಟೇಕೆ, ನಮ್ಮೆಲ್ಲರ ಕರುಳಿನಲ್ಲಿಯೂ ಸೂಕ್ಷ್ಮಜೀವಿಗಳು ಉಂಡ ಅನ್ನದ ಉಳಿಕೆಯನ್ನು ಹುಳಿಯಿಸಿ ಜಲಜನಕವನ್ನು ಹುಟ್ಟಿಸುತ್ತಿರುತ್ತವೆ. ಅದರ ಒಂದು ಭಾಗವು ರಕ್ತದ ಮೂಲಕ ಉಸಿರಿಗೆ ಬರುತ್ತದೆ. ಹಾಲು ಜೀರ್ಣವಾಗದವರನ್ನು ಗುರುತಿಸಲು ವೈದ್ಯರು ಉಸಿರಿನ ಜಲಜನಕವನ್ನೇ ಅಳೆಯುವುದುಂಟು.

ಮನುಷ್ಯರ ಮೇಲಿನ ಪರೀಕ್ಷೆ

ಇಲಿಗೆ ಹಿತವಾದುದೆಲ್ಲ ಮನುಷ್ಯನಿಗೆ ಹಿತವಾಗುವುದಿಲ್ಲ. ಮನುಷ್ಯರಲ್ಲಿ ಏನಾಯಿತೆಂದು ನೋಡೋಣ.

೨೦೨೦ರ ಮಾರ್ಚಿಯಲ್ಲಿ ಚೀನಾದ ಆರೋಗ್ಯ ಇಲಾಖೆಯು ಕೋವಿಡ್ ಚಿಕಿತ್ಸೆಯ ಸೂಚನೆಗಳಲ್ಲಿ, ಅನುಕೂಲವಿದ್ದ ಕಡೆ ಎರಡು ಪಾಲು ಜಲಜನಕಕ್ಕೆ ಒಂದು ಪಾಲು ಆಮ್ಲಜನಕವನ್ನು ಬೆರಸಿ ಕೊಡಬಹುದೆಂದು ಸೇರಿಸಿತು. ಅಲ್ಲಿ ೯೦ ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ, ಈ ಮಿಶ್ರಣವನ್ನು ಪಡೆದ ೪೪ ಮಂದಿಗೆ ಏದುಸಿರು ಬೇಗ ಕಡಮೆಯಾಯಿತೆಂದು ವರದಿಯಾಗಿದೆ. ಆದರೆ ಯಾರಿಗೆ ಏನನ್ನು ಕೊಟ್ಟಿದೆಯೆಂಬುದು ವೈದ್ಯರಿಗೂ ರೋಗಿಗಳಿಗೂ ತಿಳಿದಿತ್ತು. ಹೊಸ ಮದ್ದು ದೊರೆಯಿತೆಂಬ ಧೈರ್ಯವೇ ಏದುಸಿರನ್ನು ಕೊಂಚ ತಗ್ಗಿಸಬಲ್ಲದು. ಮೇಲಾಗಿ ಜಲಜನಕವು ಗಾಳಿಗಿಂತ ಸುಮಾರು ೧೪ ಪಾಲು ಹಗುರ. ಅದನ್ನು ಬೆರಸಿದ ಗಾಳಿಯು ಕಿರಿದಾದ ದಾರಿಗಳಲ್ಲಿ ಸರಾಗವಾಗಿ ಹರಿಯುತ್ತದೆ. ಉಸಿರು ಹಗುರಾಯಿತೆಂದ ಮಾತ್ರಕ್ಕೆ ಗಾಯವು ಮಾಯಿತೆಂದು ಹೇಳಲಾಗದು.

೨೦೨೧ರಲ್ಲಿ ಚೀನಾದಿಂದಲೇ ಬಂದ ಮತ್ತೊಂದು ವರದಿಯಲ್ಲಿ ಈ ದೋಷವನ್ನು ತಪ್ಪಿಸಿದ್ದರು. ಬಹುಕಾಲದ ಶ್ವಾಸರೋಗವು ಉಲ್ಬಣಿಸಿದ್ದ ೧೦೮ ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಜಲಜನಕದ ಮಿಶ್ರಣ, ಉಳಿದವರಿಗೆ ಆಮ್ಲಜನಕ. ಯಾರಿಗೆ ಯಾವುದೆಂಬುದನ್ನು ಮರೆಮಾಡಲಾಗಿತ್ತು. ಕೆಮ್ಮು, ಕಫ, ಏದುಸಿರುಗಳು ಮೊದಲನೆಯ ಗುಂಪಿನಲ್ಲಿ ಹೆಚ್ಚು ಇಳಿದುವು. ಇದು ಗಮನಿಸತಕ್ಕ ಫಲವೇ ಸರಿ. ಆದರೆ ಆ ರೋಗಿಗಳು ನಾವು ಹೇಳುತ್ತಿರುವ ಹರಿದ ಶ್ವಾಸಕೋಶದವರಲ್ಲ.

ಜಪಾನಿನಲ್ಲಿ, ಹೃದಯವು ನಿಂತು ಮತ್ತೆ ಮಿಡಿದ ೭೩ ರೋಗಿಗಳ ಮೇಲೆ ನಡೆದ ಪರೀಕ್ಷೆಯು ೨೦೨೩ರಲ್ಲಿ ಪ್ರಕಟವಾಯಿತು. ಎರಡು ಪಾಲು ಜಲಜನಕವನ್ನು ೧೮ ಗಂಟೆಗಳ ಕಾಲ ಉಸಿರಾಡಿಸಿದವರಲ್ಲಿ ೯೦ ದಿನಗಳ ಮೇಲೆ ಬದುಕಿದ್ದವರು ನೂರಕ್ಕೆ ೮೫, ಉಳಿದವರಲ್ಲಿ ೬೧. ಈ ಅಂಕಿಗಳನ್ನು ಕಂಡಾಗ ಯಾರಿಗಾದರೂ ಆಸೆ ಹುಟ್ಟದಿರದು. ಆದರೆ ಪರೀಕ್ಷೆಯ ಮುಖ್ಯ ಪ್ರಶ್ನೆಯು ಮಿದುಳು ಚೆನ್ನಾಗಿ ಚೇತರಿಸಿಕೊಂಡವರೆಷ್ಟು ಮಂದಿ ಎಂಬುದಾಗಿತ್ತು. ಆ ವಿಷಯದಲ್ಲಿ ೫೬ಕ್ಕೆ ೩೯ರಂತೆ ಕಂಡ ಅಂತರವು, ರೋಗಿಗಳು ಕೆಲವರೇ ಆದುದರಿಂದ, ಆಕಸ್ಮಿಕವೂ ಇರಬಹುದೆಂದು ಲೆಕ್ಕವು ತೋರಿಸಿತು. ಕೋವಿಡ್ ಕಾಲದ ತೊಡಕುಗಳಿಂದ ಆ ಪರೀಕ್ಷೆಯನ್ನು ನಡುವಿನಲ್ಲಿಯೇ ನಿಲ್ಲಿಸಬೇಕಾಯಿತು.

ಆದುದರಿಂದ ನಮ್ಮ ಮಾತಿನ ಸಾರವಿಷ್ಟು: ಇಲಿಗಳಲ್ಲಿ ಫಲವು ಕಂಡಿದೆ, ಮನುಷ್ಯರಿಗೆ ಮಿತವಾಗಿ, ತಿಳಿದವರ ಕಣ್ಣೆದುರಿಗೆ ಕೊಟ್ಟಾಗ ದೊಡ್ಡ ಕೇಡೇನೂ ಕಂಡಿಲ್ಲ, ಆದರೆ ಹರಿದ ಶ್ವಾಸಕೋಶದ ರೋಗಿಯನ್ನು ಜಲಜನಕವು ಬದುಕಿಸುತ್ತದೆಂದು ನೂರಾರು ರೋಗಿಗಳ ದೊಡ್ಡ ಪರೀಕ್ಷೆಯಿಂದ ಸಿದ್ಧವಾಗಿಲ್ಲ.

ಸಿದ್ಧಾಂತವು ಸೊಗಸಾಗಿದ್ದರೂ ಫಲವು ತಿರುಗುಮುರುಗಾದುದುಂಟು. ಕ್ಯಾರಟ್ಟಿನ ಕೆಂಬಣ್ಣದ ಸತ್ತ್ವವೂ ಕಿಡಿಗಳನ್ನು ನಂದಿಸುವಂಥದೇ. ಅದು ಹೊಗೆಬತ್ತಿ ಸೇದುವವರನ್ನು ಶ್ವಾಸಕೋಶದ ಅರ್ಬುದದಿಂದ ಕಾಪಾಡೀತೆಂದು ಫಿನ್‌ಲೆಂಡಿನಲ್ಲಿ ೨೯,೧೩೩ ಗಂಡಸರ ಮೇಲೆ ಪರೀಕ್ಷೆ ನಡೆಯಿತು. ಅದರ ಗುಳಿಗೆಯನ್ನು ತೆಗೆದುಕೊಂಡವರಲ್ಲಿ ಅರ್ಬುದವು ಕಡಮೆಯಾಗುವ ಬದಲು ನೂರಕ್ಕೆ ೧೮ರಷ್ಟು ಹೆಚ್ಚಿತೆಂದು ೧೯೯೪ರಲ್ಲಿ ತಿಳಿದುಬಂದಿತು. ಪರೀಕ್ಷಿಸದೆ ನಂಬಿದ್ದರೆ ಎಷ್ಟು ಮಂದಿಗೆ ಕೇಡಾಗುತ್ತಿತ್ತೊ!

ಮನೆಯವರಿಗೆ ಎರಡು ಮಾತು

ಅಂಗಡಿಯ ಜಲಜನಕದ ನೀರಿನ ವಿಷಯವನ್ನು ಮೊದಲು ಹೇಳೋಣ. ಸಾಧಾರಣ ಒತ್ತಡದಲ್ಲಿ ಒಂದು ಲೀಟರು ನೀರು ಹಿಡಿದಿಡಬಲ್ಲ ಜಲಜನಕವು ಸುಮಾರು ೧.೬ ಮಿಲಿಗ್ರಾಮು ಮಾತ್ರ. ಪಾತ್ರೆಯ ಬಾಯಿ ತೆರೆದಿದ್ದರೆ ಅದೂ ಹಾರಿಹೋಗುತ್ತದೆ. ಅಂಥ ನೀರನ್ನು ಕುಡಿದು ಶ್ವಾಸಕೋಶದ ಗಾಯವು ಮಾಯುತ್ತದೆಂದು ನಂಬಲು ಆಧಾರವಿಲ್ಲ. ರೋಗಿಯ ಹಾಲುಹಣ್ಣಿಗೆ ಆಗಬೇಕಾದ ಹಣವನ್ನು ಅದಕ್ಕೆ ಸುರಿಯುವುದು ಬೇಡ.

ಮನೆಯಲ್ಲಿಟ್ಟು ಜಲಜನಕವನ್ನು ಉಸಿರಾಡಿಸುವ ಯಂತ್ರಗಳಲ್ಲಿ ಕೆಲವು ಮೇಲೆ ಹೇಳಿದ ೪ ಪಾಲಿನ ಮೇರೆಯನ್ನು ಬಹುವಾಗಿ ಮೀರಿದ ಮಿಶ್ರಣವನ್ನು ಹೊರಬಿಡುತ್ತವೆ. ದೇವರ ಮುಂದೆ ದೀಪವೂ ಒಳಗೆ ಒಲೆಯೂ ಉರಿಯುತ್ತಿರುವ ನಮ್ಮ ಮನೆಗಳಲ್ಲಿ ಇಂಥ ಯಂತ್ರವಿರುವುದು ಎಷ್ಟುಮಟ್ಟಿಗೆ ಕ್ಷೇಮವೆಂಬುದನ್ನು ವಾಚಕರೇ ಯೋಚಿಸಲಿ.

ಆಮ್ಲಜನಕವನ್ನು ಮನೆಯಲ್ಲಿ ಕೊಡುತ್ತಿದ್ದರೆ ವೈದ್ಯರು ಹೇಳಿದ ಅಳತೆಯನ್ನು ಮೀರಬಾರದು. ಸಂಕಟವನ್ನು ನೋಡಲಾರದೆ ತಿರುಪನ್ನು ತಾವಾಗಿ ತಿರುಗಿಸಬಾರದು. ಬೆರಳಿನ ಯಂತ್ರದ ಅಂಕಿಯು ಸಾಮಾನ್ಯ ರೋಗಿಗಳಲ್ಲಿ ೯೪ರಿಂದ ೯೮ರವರೆಗೂ, ಬಹುಕಾಲದ ಶ್ವಾಸರೋಗಿಗಳಲ್ಲಿ ಕೆಲವರಿಗೆ ೮೮ರಿಂದ ೯೨ರವರೆಗೂ ಇದ್ದರೆ ಸಾಕೆಂದು ವೈದ್ಯರ ನಿಯಮವಿದೆ. ಯಾರಿಗೆ ಯಾವುದೆಂಬುದನ್ನು ಅವರನ್ನೇ ಕೇಳಬೇಕು. ಜ್ವರದೊಡನೆ ಏದುಸಿರು ಹೆಚ್ಚುತ್ತಿದ್ದರೆ, ತುಟಿಯು ನೀಲಿಗಟ್ಟಿದರೆ, ಮಾತು ತಡವರಿಸಿದರೆ ಗಳಿಗೆಯನ್ನೂ ಕಳೆಯದೆ ಆಸ್ಪತ್ರೆಗೆ ಒಯ್ಯತಕ್ಕದ್ದು. ಒಲೆಯ ಹೊಗೆಗೆ ಹೊರದಾರಿ ಮಾಡುವುದು, ಬೀಡಿ ಸಿಗರೇಟುಗಳನ್ನು ಮನೆಯಿಂದ ಹೊರಹಾಕುವುದು, ಮುದುಕರಿಗೂ ಮಕ್ಕಳಿಗೂ ಕಾಲಕ್ಕೆ ಸರಿಯಾಗಿ ಲಸಿಕೆ ಹಾಕಿಸುವುದು, ಇವು ಶ್ವಾಸಕೋಶವು ನೋಯುವ ಮೊದಲೇ ಮಾಡಬಹುದಾದ ರಕ್ಷಣೆಗಳು.

ಹೀಗೆ ಹೇಳಿದೆವೆಂದು ಜಲಜನಕದ ಮೇಲಿನ ಆಸೆಯನ್ನು ನಾವು ಕಿತ್ತುಹಾಕಬೇಕಾಗಿಲ್ಲ. ಆಮ್ಲಜನಕವು ಸಿಕ್ಕಿದ ದಿನದಿಂದ ಅದನ್ನು ಎಷ್ಟು ಕೊಡಬೇಕು, ಎಲ್ಲಿ ನಿಲ್ಲಿಸಬೇಕೆಂಬುದನ್ನು ಕಲಿಯಲು ಎರಡು ಶತಮಾನಗಳೇ ಹಿಡಿದುವು. ಅದರ ಒಡಹುಟ್ಟಾದ ಜಲಜನಕವನ್ನು ಕುರಿತು ವೈದ್ಯರು ಸರಿಯಾದ ಪ್ರಶ್ನೆಯನ್ನು ಕೇಳಲಾರಂಭಿಸಿ ಇನ್ನೂ ಇಪ್ಪತ್ತು ವರ್ಷಗಳಷ್ಟೇ ಆಗಿವೆ. ಉತ್ತರವು ಬರುವವರೆಗೆ ಪ್ರಯೋಗಶಾಲೆಯವರು ಶ್ರಮಿಸಲಿ; ಮನೆಯವರು ತಾಳ್ಮೆಯಿಂದಿರಲಿ. ಒಂದು ದಿನ ಆಸ್ಪತ್ರೆಯಲ್ಲಿ ಆಮ್ಲಜನಕದ ಉರುಳೆಯ ಪಕ್ಕದಲ್ಲಿ ಜಲಜನಕದ ಚಿಕ್ಕ ಉರುಳೆಯೊಂದು ನಿಂತು, ಉಸಿರಿಗಾಗಿ ಒದ್ದಾಡುವವರ ನೋವನ್ನು ತಗ್ಗಿಸುವುದಾದರೆ ಅದಕ್ಕಿಂತ ಸಂತೋಷದ ಸುದ್ದಿ ಬೇರೆ ಯಾವುದಿದ್ದೀತು?